ಕುಲಾಂತರಿ ಆಹಾರ ಮತ್ತು ಅದರ ಸುರಕ್ಷತೆಯ ವಿವಾದ

ವಂಶವಾಹಿಗಳನ್ನು ಪ್ರಯೋಗಾಲಯದಲ್ಲಿ ಬೇಕೆಂತಲೇ ಬದಲಿಸಿದ ಗಿಡ, ಪ್ರಾಣಿ ಇಲ್ಲವೇ ಸೂಕ್ಷ್ಮಜೀವಿಯಿಂದ ಸಿಗುವ ಆಹಾರಕ್ಕೆ ಕುಲಾಂತರಿ ಆಹಾರ ಎನ್ನುತ್ತಾರೆ. ವಂಶವಾಹಿ ಅಥವಾ ಜೀನ್ ಎಂದರೆ, ಇಂಥ ಪ್ರೋಟೀನನ್ನು ಹೀಗೆ ತಯಾರಿಸು ಎಂದು ಜೀವಕೋಶಕ್ಕೆ ತಿಳಿಸುವ ಡಿಎನ್‌ಎ ತುಣುಕು. ಒಂದು ಜೀವಿಯಿಂದ ಆ ತುಣುಕನ್ನು ತೆಗೆದು, ಅದರೊಂದಿಗೆ ಯಾವ ನೆಂಟಸ್ತಿಕೆಯೂ ಇಲ್ಲದ ಇನ್ನೊಂದು ಕುಲದ ಜೀವಿಗೆ ಸೇರಿಸುವುದರಿಂದ ಕನ್ನಡದಲ್ಲಿ ‘ಕುಲಾಂತರಿ’ ಎಂಬ ಮಾತು ನೆಲೆಗೊಂಡಿತು. ಮಾತು ಸೊಗಸಾಗಿದೆ, ಆದರೆ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. 1994ರಲ್ಲಿ ಅಮೆರಿಕದ ಅಂಗಡಿಗೆ ಬಂದ ಮೊದಲ ಕುಲಾಂತರಿ ತರಕಾರಿ ‘ಫ್ಲೇವರ್ ಸೇವರ್’ ಟೊಮೆಟೊ. ಅದರಲ್ಲಿ ಹಣ್ಣನ್ನು ಮೆತ್ತಗಾಗಿಸುವ ಟೊಮೆಟೊದ್ದೇ ಜೀನನ್ನು ತಿರುವಿ ಕೂರಿಸಿ, ಅದರ ಕೆಲಸ ತಡೆಯಲಾಗಿತ್ತು. ವ್ಯಾಪಾರ ಕುದುರದೆ ಆ ಟೊಮೆಟೊ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ವಿವಾದ ಮಾತ್ರ ಉಳಿಯಿತು.

‘ಕುಲಾಂತರಿ ಆಹಾರ ಸುರಕ್ಷಿತವೇ?’ ಎಂಬುದು ಕೇಳಲು ಒಂದೇ ಪ್ರಶ್ನೆ. ಬಿಡಿಸಿ ನೋಡಿದರೆ ಅದರೊಳಗೆ ಕನಿಷ್ಠ ಮೂರು ಪ್ರಶ್ನೆಗಳಿವೆ. ತಿಂದವರಿಗೆ ಏನಾಗುತ್ತದೆ? ಬೆಳೆದ ಹೊಲಕ್ಕೆ ಏನಾಗುತ್ತದೆ? ಬೀಜ ಯಾರ ಕೈಯಲ್ಲಿರುತ್ತದೆ? ಮೂರು ದಶಕಗಳ ಜಗಳದಲ್ಲಿ ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದ್ದೇ ಹೆಚ್ಚು. ಪರ ನಿಂತವರೂ ಹಾಗೆ ಮಾಡಿದ್ದಾರೆ, ವಿರೋಧಿಸಿದವರೂ ಮಾಡಿದ್ದಾರೆ.

ತಯಾರಿಕೆಯ ಬಗೆ

1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಕೂರಿಸಿ ಬೆಳೆಸಿ ತೋರಿಸಿದರು. ಹತ್ತೇ ವರ್ಷಗಳಲ್ಲಿ ಇದು ಗಿಡಗಳಲ್ಲೂ ಸಾಧ್ಯವಾಯಿತು. ಇದಕ್ಕೆ ನೆರವಾದದ್ದು ‘ಆಗ್ರೊಬ್ಯಾಕ್ಟೀರಿಯಂ’ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಗಿಡದ ಗಾಯದ ಮೂಲಕ ಒಳಹೊಕ್ಕು, ತನ್ನದೊಂದಿಷ್ಟು ಡಿಎನ್‌ಎಯನ್ನು ಗಿಡದ ಡಿಎನ್‌ಎಗೆ ಹೆಣೆದು, ಅಲ್ಲೊಂದು ಗಂಟು ಎಬ್ಬಿಸುವುದು ಅದರ ಹುಟ್ಟುಗುಣ. ವಿಜ್ಞಾನಿಗಳು ಗಂಟು ಎಬ್ಬಿಸುವ ಭಾಗವನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಜೀನನ್ನು ಇಟ್ಟರು. ಈ ಸೂಕ್ಷ್ಮಜೀವಿಗೆ ಬಗ್ಗದ ಬೆಳೆಗಳಿಗಾಗಿ, ಲೋಹದ ಸಣ್ಣ ಕಣಗಳಿಗೆ ಡಿಎನ್‌ಎ ಸವರಿ ಜೀವಕೋಶಗಳಿಗೆ ಸಿಡಿಸುವ ‘ಜೀನ್ ಗನ್’ ಬಂತು.

ಆಗ್ರೊಬ್ಯಾಕ್ಟೀರಿಯಂ ಮಾಡಿದ ಇಂಥದೇ ಒಂದು ಕೆಲಸ ಮನುಷ್ಯರ ಹಂಗಿಲ್ಲದೆಯೂ ನಡೆದಿದೆ. ನಾವು ಬೇಯಿಸಿ ತಿನ್ನುವ ಸಿಹಿಗೆಣಸಿನಲ್ಲಿ ಈ ಬ್ಯಾಕ್ಟೀರಿಯಾದ ಜೀನ್‌ಗಳು ಸಾವಿರಾರು ವರ್ಷಗಳ ಹಿಂದೆಯೇ ಸೇರಿಕೊಂಡಿವೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪ್ರಕೃತಿಯೇ ಮಾಡಿದ್ದರಿಂದ ಎಲ್ಲವೂ ಕ್ಷೇಮ ಎಂದು ಇದರಿಂದ ಸಾಬೀತಾಗುವುದಿಲ್ಲ. ಬೇರೆ ಕುಲದ ಜೀನ್ ಬಂದೊಡನೆ ಆಹಾರ ವಿಷವಾಗುತ್ತದೆ ಎಂಬ ಅಂಜಿಕೆಗೆ ಮಾತ್ರ ಇದು ಸಾಕಷ್ಟು ಉತ್ತರ.

ಹೊಲಕ್ಕೂ ತಟ್ಟೆಗೂ ಬಂದದ್ದು

ಪತ್ರಿಕೆಗಳಲ್ಲಿ ಬಂದ ಕುಲಾಂತರಿ ಬೆಳೆಗಳ ಪಟ್ಟಿ ಉದ್ದ, ಹೊಲದಲ್ಲಿ ನೆಲೆ ನಿಂತವು ಕಡಿಮೆ. ಇವುಗಳ ಬಹುಪಾಲು ವಿಸ್ತೀರ್ಣ ಸೋಯಾ, ಮೆಕ್ಕೆಜೋಳ, ಹತ್ತಿ ಮತ್ತು ಕ್ಯಾನೋಲಾ ಎಂಬ ನಾಲ್ಕೇ ಬೆಳೆಗಳದ್ದು. ಗುಣಗಳೂ ಮುಖ್ಯವಾಗಿ ಎರಡೇ: ಕಳೆನಾಶಕ ಹೊಡೆದರೂ ಬೆಳೆ ಸಾಯದಿರುವುದು, ಕೀಟ ಕಡಿದರೆ ಕೀಟವೇ ಸಾಯುವುದು. 2019ರ ಲೆಕ್ಕದಂತೆ 29 ದೇಶಗಳಲ್ಲಿ ಸುಮಾರು 19 ಕೋಟಿ ಹೆಕ್ಟೇರ್‌ನಲ್ಲಿ ಕುಲಾಂತರಿ ಬೆಳೆಗಳಿದ್ದವು. ಇವುಗಳಲ್ಲಿ ಹೆಚ್ಚಿನದು ನೇರವಾಗಿ ಮನುಷ್ಯರ ಊಟಕ್ಕೆ ಬರುವುದಿಲ್ಲ. ದನ, ಹಂದಿ, ಕೋಳಿಗಳ ಮೇವಾಗಿ, ಎಣ್ಣೆಯಾಗಿ, ಪಿಷ್ಟವಾಗಿ, ಸಿಹಿಪಾಕವಾಗಿ ಸುತ್ತುಬಳಸಿ ಬರುತ್ತದೆ. ಚೀಸ್‌ಗಾಗಿ ಹಾಲು ಒಡೆಸಲು ಮೊದಲು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವವನ್ನು ಸೂಕ್ಷ್ಮಜೀವಿಗಳಲ್ಲಿ ತಯಾರಿಸಲು ಅಮೆರಿಕ 1990ರಲ್ಲೇ ಒಪ್ಪಿತು. ಅದರ ಬಗ್ಗೆ ಹೆಚ್ಚು ಗದ್ದಲ ಆಗಲಿಲ್ಲ, ಸಸ್ಯಾಹಾರಿಗಳಿಗಂತೂ ಅನುಕೂಲವೇ ಆಯಿತು.

ಹವಾಯಿ ದ್ವೀಪದ ಪಪ್ಪಾಯಿಯ ಕತೆ ಬೇರೆ. ಉಂಗುರ ಚುಕ್ಕೆ ವೈರಸ್ 1990ರ ದಶಕದಲ್ಲಿ ಅಲ್ಲಿನ ತೋಟಗಳನ್ನು ನೆಲಕಚ್ಚಿಸಿತು. ಡೆನ್ನಿಸ್ ಗೊನ್ಸಾಲ್ವೆಸ್ ಮತ್ತವರ ಸಂಗಡಿಗರು ಆ ವೈರಸ್ಸಿನ ಹೊದಿಕೆಯ ಜೀನನ್ನೇ ಪಪ್ಪಾಯಿಗೆ ಸೇರಿಸಿ ರೋಗ ತಡೆದುಕೊಳ್ಳುವ ತಳಿ ಮಾಡಿದರು. 1998ರಲ್ಲಿ ಬೀಜ ರೈತರ ಕೈಗೆ ಬಂತು. ವೈರಸ್ ತಗಲಿದ ಹಳೆಯ ಪಪ್ಪಾಯಿಯನ್ನು ತಿಂದವರ ಹೊಟ್ಟೆಗೂ ಅದೇ ಹೊದಿಕೆ ಪ್ರೋಟೀನು ಧಾರಾಳವಾಗಿ ಹೋಗಿತ್ತು ಎಂಬುದನ್ನು ಈ ಚರ್ಚೆಯಲ್ಲಿ ಮರೆಯಬಾರದು.

ಬಿಟಿ: ಹುಳುವಿಗೆ ವಿಷ, ಮನುಷ್ಯರಿಗೆ?

ಭಾರತದಲ್ಲಿ ಅತಿ ಹೆಚ್ಚು ಕೇಳಿಬಂದ ಎರಡಕ್ಷರ ಬಿಟಿ. ‘ಬ್ಯಾಸಿಲಸ್ ತುರಿಂಜಿಯೆನ್ಸಿಸ್’ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಹೆಸರಿನ ಮೊಟಕು ರೂಪ ಅದು. 1901ರಲ್ಲಿ ಜಪಾನಿನ ಇಶಿವಾಟಾ ಇದನ್ನು ಕಂಡದ್ದು ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಹತ್ತು ವರ್ಷಗಳ ಬಳಿಕ ಜರ್ಮನಿಯ ಎರ್ನ್ಸ್ಟ್ ಬರ್ಲಿನರ್ ತುರಿಂಗಿಯಾ ಪ್ರಾಂತದ ಹಿಟ್ಟಿನ ಪತಂಗದಲ್ಲಿ ಮತ್ತೆ ಕಂಡು ಹೆಸರಿಟ್ಟರು. ಇದು ತಯಾರಿಸುವ ಕ್ರೈ ಪ್ರೋಟೀನು ಮರಿಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಕಿಣ್ವಗಳಿಂದ ಕತ್ತರಿಸಲ್ಪಟ್ಟು, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ತೂತು ಕೊರೆಯುತ್ತದೆ. ಹುಳು ಮೇಯುವುದನ್ನು ಬಿಟ್ಟು ಸಾಯುತ್ತದೆ. ಮನುಷ್ಯರ ಜಠರದಲ್ಲಿ ಇರುವುದು ಆಮ್ಲ, ಕರುಳಿನಲ್ಲಿ ಆ ಗ್ರಾಹಕಗಳೂ ಇಲ್ಲ. ಹೀಗಾಗಿ ಇತರ ಪ್ರೋಟೀನುಗಳಂತೆ ಇದೂ ಜೀರ್ಣವಾಗುತ್ತದೆ ಎಂಬುದು ಸುರಕ್ಷತೆಯ ಪರವಾದ ಮುಖ್ಯ ವಾದ. ಸಾವಯವ ಕೃಷಿಕರು ಇದೇ ಬ್ಯಾಕ್ಟೀರಿಯಾದ ಪುಡಿಯನ್ನು ದಶಕಗಳಿಂದ ಗಿಡಗಳಿಗೆ ಸಿಂಪಡಿಸುತ್ತ ಬಂದಿದ್ದಾರೆ. ಅದಕ್ಕೆ ವಿರೋಧಿಗಳ ಮರುಮಾತು ಹೀಗೆ: ಮೇಲೆ ಸಿಂಪಡಿಸಿದ್ದು ಬಿಸಿಲಿಗೆ ಹಾಳಾಗುತ್ತದೆ, ತೊಳೆದರೆ ಹೋಗುತ್ತದೆ, ಗಿಡವೇ ತಯಾರಿಸಿದ್ದು ಕಾಯಿಯೊಳಗೇ ಇರುತ್ತದೆ. ಈ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಗಿಡದ ಕ್ರೈ ಪ್ರೋಟೀನನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಕ್ರಮ ಬಂತು.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ

ಮೊದಲು ಮೂಲ ಬೆಳೆಯೊಂದಿಗೆ ಹೋಲಿಕೆ. ಪಿಷ್ಟ, ಕೊಬ್ಬು, ಜೀವಸತ್ವ, ಸಹಜ ವಿಷಾಂಶಗಳಲ್ಲಿ ಹೊಸ ಬೆಳೆ ಹಳೆಯದಕ್ಕಿಂತ ಎಷ್ಟು ಬೇರೆಯಾಗಿದೆ ಎಂದು ನೋಡುತ್ತಾರೆ. ಹೊಸ ಪ್ರೋಟೀನು ಗೊತ್ತಿರುವ ವಿಷ ಅಥವಾ ಅಲರ್ಜಿಕಾರಕವನ್ನು ಹೋಲುತ್ತದೆಯೇ, ಜಠರ ರಸದಲ್ಲಿ ಬೇಗ ಕರಗುತ್ತದೆಯೇ, ಬಿಸಿಗೆ ಮುರಿಯುತ್ತದೆಯೇ ಎಂಬುದು ಮುಂದಿನ ಹಂತ. ಇಲಿಗಳಿಗೆ ಸಾಮಾನ್ಯವಾಗಿ 90 ದಿನ ತಿನ್ನಿಸಿ ನೋಡುವುದೂ ಉಂಟು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಕೋಡೆಕ್ಸ್ ಆಯೋಗ 2003ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಈ ವ್ಯವಸ್ಥೆಯ ದೊಡ್ಡ ಕೊರತೆ ಬೇರೆಡೆ ಇದೆ: ಪರೀಕ್ಷೆಯ ಹೆಚ್ಚಿನ ಮಾಹಿತಿಯನ್ನು ಒದಗಿಸುವುದು ಬೀಜ ಮಾರಲು ಹೊರಟ ಸಂಸ್ಥೆಯೇ. ತಪ್ಪು ಲೆಕ್ಕ ಕೊಡುತ್ತಾರೆಂದು ಹೇಳಲಾಗದು, ಆದರೆ ನಂಬಿಕೆ ಬೆಳೆಯಲು ಇದು ಒಳ್ಳೆಯ ದಾರಿಯಲ್ಲ.

ಪರೀಕ್ಷೆಗಳು ಬರಿಯ ಶಾಸ್ತ್ರವಲ್ಲ ಎಂಬುದಕ್ಕೆ 1996ರಲ್ಲಿ ಪ್ರಕಟವಾದ ಒಂದು ಅಧ್ಯಯನವೇ ಸಾಕ್ಷಿ. ಸೋಯಾದ ಪೋಷಕಾಂಶ ಹೆಚ್ಚಿಸಲು ಅದಕ್ಕೆ ಬ್ರೆಜಿಲ್ ಕಾಯಿಯ ಜೀನ್ ಸೇರಿಸಲಾಗಿತ್ತು. ಬ್ರೆಜಿಲ್ ಕಾಯಿ ಒಗ್ಗದವರಿಗೆ ಈ ಸೋಯಾವೂ ಒಗ್ಗುವುದಿಲ್ಲವೆಂದು ತಿಳಿದೊಡನೆ ಯೋಜನೆ ಕೈಬಿಡಲಾಯಿತು, ಮಾರುಕಟ್ಟೆಗೆ ಒಂದು ಕಾಳೂ ಬರಲಿಲ್ಲ. ಇದನ್ನು ಒಂದು ಪಕ್ಷ ಅಪಾಯದ ಪುರಾವೆ ಎನ್ನುತ್ತದೆ, ಇನ್ನೊಂದು ಪಕ್ಷ ಜರಡಿ ಕೆಲಸ ಮಾಡಿದ್ದರ ಪುರಾವೆ ಎನ್ನುತ್ತದೆ. ಎರಡೂ ನಿಜ.

2000ದಲ್ಲಿ ಜರಡಿ ತೂತಾಯಿತು. ಅಲರ್ಜಿಯ ಅನುಮಾನವಿದ್ದುದರಿಂದ ಪಶು ಆಹಾರಕ್ಕೆ ಮಾತ್ರ ಒಪ್ಪಿಗೆ ಪಡೆದಿದ್ದ ‘ಸ್ಟಾರ್‌ಲಿಂಕ್’ ಮೆಕ್ಕೆಜೋಳ ಅಮೆರಿಕದ ತಿಂಡಿಗಳಲ್ಲಿ ಪತ್ತೆಯಾಗಿ, ನೂರಾರು ಬಗೆಯ ಪೊಟ್ಟಣಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ತಿಂದು ಕಾಯಿಲೆ ಬಿದ್ದೆವೆಂದವರ ರಕ್ತ ಪರೀಕ್ಷಿಸಿದಾಗ ಆ ಪ್ರೋಟೀನಿನಿಂದ ಅಲರ್ಜಿಯಾದ ಸುಳಿವು ಸಿಗಲಿಲ್ಲ. ಆದರೂ ಕಣದಲ್ಲಿ, ಗೋದಾಮಿನಲ್ಲಿ, ಲಾರಿಯಲ್ಲಿ ಎರಡು ಬಗೆಯ ಕಾಳನ್ನು ಬೇರೆ ಬೇರೆ ಇಡಬಲ್ಲೆವೆಂಬ ಭರವಸೆ ಸುಳ್ಳಾಯಿತು.

ಎರಡು ಇಲಿ ಪ್ರಯೋಗಗಳು

ಜನರ ಭಯಕ್ಕೆ ರೂಪ ಕೊಟ್ಟದ್ದು ಎರಡು ಪ್ರಯೋಗಗಳು. ಸ್ಕಾಟ್ಲೆಂಡಿನ ರೋವೆಟ್ ಸಂಸ್ಥೆಯ ಆರ್ಪಾಡ್ ಪುಸ್ಟೈ 1998ರ ಆಗಸ್ಟ್‌ನಲ್ಲಿ ಟೀವಿಯಲ್ಲಿ ಮಾತಾಡಿ, ಕುಲಾಂತರಿ ಆಲೂಗಡ್ಡೆ ತಿಂದ ಇಲಿಗಳ ಬೆಳವಣಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿತೆಂದರು. ಸಂಸ್ಥೆ ಅವರನ್ನು ಅಮಾನತಿನಲ್ಲಿಟ್ಟಿತು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿ ಪ್ರಯೋಗದಲ್ಲಿ ಗಂಭೀರ ದೋಷಗಳಿವೆ ಎಂದಿತು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆ ಅದರ ಒಂದು ಭಾಗವನ್ನು ಪ್ರಕಟಿಸಿತು. ಆ ಆಲೂಗಡ್ಡೆ ಮಾರಾಟಕ್ಕಿದ್ದದ್ದೂ ಅಲ್ಲ. ಆದರೆ ಬಾಯಿ ಮುಚ್ಚಿಸಲ್ಪಟ್ಟ ವಿಜ್ಞಾನಿ ಎಂಬ ಚಿತ್ರ ಇಲಿಗಳ ಅಂಕಿಅಂಶಕ್ಕಿಂತ ಬಲವಾಗಿ ಜನಮನದಲ್ಲಿ ನಿಂತಿತು.

ಫ್ರಾನ್ಸಿನ ಜಿಲ್-ಎರಿಕ್ ಸೆರಾಲಿನಿ 2012ರಲ್ಲಿ ಪ್ರಕಟಿಸಿದ ಚಿತ್ರಗಳು ಇನ್ನೂ ಭೀಕರ. ಕಳೆನಾಶಕ ತಾಳಬಲ್ಲ ಮೆಕ್ಕೆಜೋಳವನ್ನು ಎರಡು ವರ್ಷ ತಿಂದ ಇಲಿಗಳ ಮೈಯಲ್ಲಿ ನಿಂಬೆಹಣ್ಣಿಗೂ ದೊಡ್ಡ ಗೆಡ್ಡೆಗಳು ಎದ್ದಿದ್ದವು. ತಜ್ಞರು ಎತ್ತಿದ ಆಕ್ಷೇಪ ಸರಳ. ಪ್ರತಿ ಗುಂಪಿನಲ್ಲಿದ್ದದ್ದು ಹತ್ತೇ ಇಲಿ. ಬಳಸಿದ್ದು ಸ್ಪ್ರೇಗ್-ಡಾಲಿ ತಳಿ, ವಯಸ್ಸಾದಂತೆ ಏನು ತಿಂದರೂ ಗೆಡ್ಡೆ ಏಳುವುದು ಅದರ ಸ್ವಭಾವ. ಪತ್ರಿಕೆ 2013ರಲ್ಲಿ ಲೇಖನವನ್ನು ಹಿಂಪಡೆಯಿತು, ಮರುವರ್ಷ ಅದು ಬೇರೊಂದು ಪತ್ರಿಕೆಯಲ್ಲಿ ಮತ್ತೆ ಅಚ್ಚಾಯಿತು. ಇಷ್ಟು ಚಿಕ್ಕ ಗುಂಪಿನಿಂದ ಕ್ಯಾನ್ಸರಿನಂಥ ದೊಡ್ಡ ತೀರ್ಮಾನ ಹೊರಡಿಸಲಾಗದು. ಎರಡು ವರ್ಷದ ಪ್ರಯೋಗವನ್ನು ಮೊದಲೇ ಬೇರೆಯವರು ಏಕೆ ಮಾಡಲಿಲ್ಲ ಎಂದು ಸಾಮಾನ್ಯ ಓದುಗ ಕೇಳಿದರೆ ಅದೂ ಸಹಜವೇ.

ಒಟ್ಟು ಪುರಾವೆ ಎತ್ತ ವಾಲುತ್ತದೆ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2016ರಲ್ಲಿ 900ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಸಾಮಾನ್ಯ ಆಹಾರಕ್ಕಿಂತ ಆರೋಗ್ಯಕ್ಕೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲವೆಂದಿತು. ಈ ಆಹಾರ ಬಳಕೆಗೆ ಬಂದ ಮೇಲೆ ಅಮೆರಿಕ, ಕೆನಡಾಗಳ ಕ್ಯಾನ್ಸರ್ ಅಂಕಿಅಂಶಗಳು ಅದನ್ನು ಹೆಚ್ಚು ತಿನ್ನದ ಪಶ್ಚಿಮ ಯುರೋಪಿಗಿಂತ ಬೇರೆ ದಾರಿ ಹಿಡಿದಿಲ್ಲ ಎಂಬುದನ್ನೂ ಗಮನಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಹತ್ತಿರದ್ದೇ. ಜೊತೆಗೆ ಅದು ಹೇಳುವ ಮಾತು ಮುಖ್ಯ: ಎಲ್ಲ ಕುಲಾಂತರಿ ಆಹಾರಕ್ಕೂ ಸೇರಿಸಿ ಒಂದೇ ಸರ್ಟಿಫಿಕೇಟು ಕೊಡಲಾಗದು, ಒಂದೊಂದನ್ನೂ ಬೇರೆಯಾಗಿ ತೂಗಬೇಕು.

ಹೊಲದ ಲೆಕ್ಕ

ತಟ್ಟೆಯ ಲೆಕ್ಕಕ್ಕಿಂತ ಹೊಲದ ಲೆಕ್ಕ ಕ್ಲಿಷ್ಟ. ಕಳೆನಾಶಕ ತಾಳುವ ಬೆಳೆ ಬಂದ ಮೇಲೆ ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆ ಏರಿತು, ಅದಕ್ಕೆ ಸಾಯದ ಕಳೆಗಳೂ ಹುಟ್ಟಿಕೊಂಡವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಯುರೋಪ್ ಮತ್ತು ಅಮೆರಿಕದ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಇಲ್ಲಿ ಅನುಮಾನವಿರುವುದು ಸೇರಿಸಿದ ಜೀನಿನ ಮೇಲಲ್ಲ, ಮೇಲೆ ಸಿಂಪಡಿಸಿದ ರಾಸಾಯನಿಕದ ಮೇಲೆ. ಆದರೆ ಅದನ್ನು ಧಾರಾಳವಾಗಿ ಸಿಂಪಡಿಸಲು ಅನುವಾದದ್ದು ಆ ಜೀನಿನಿಂದಲೇ.

ಭಾರತಕ್ಕೆ ಈ ಪಾಠ ಹತ್ತಿಯಿಂದ ಸಿಕ್ಕಿತು. 1998ರ ಕೊನೆಯಲ್ಲಿ ಬಿಟಿ ಹತ್ತಿಯ ಪ್ರಯೋಗ ನಡೆಯುತ್ತಿದ್ದ ರಾಯಚೂರು, ಬಳ್ಳಾರಿ ಸೀಮೆಯ ಹೊಲಗಳಲ್ಲಿ ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಗಿಡಗಳನ್ನು ಕಿತ್ತು ಸುಟ್ಟು ಜಗತ್ತಿನ ಗಮನ ಸೆಳೆಯಿತು. ಬೀಜವೇ ಮೊಳೆಯದಂತೆ ಮಾಡುವ ‘ಟರ್ಮಿನೇಟರ್’ ತಂತ್ರಜ್ಞಾನದ ಸುದ್ದಿ ಆಗಷ್ಟೇ ಹಬ್ಬಿತ್ತು. ಅದು ಬಿಟಿ ಹತ್ತಿಯಲ್ಲಿ ಇರಲಿಲ್ಲ, ಎಲ್ಲಿಯೂ ಮಾರಾಟಕ್ಕೂ ಬರಲಿಲ್ಲ. ಆದರೆ ವರ್ಷ ವರ್ಷ ಬೀಜಕ್ಕಾಗಿ ಕಂಪನಿಯ ಬಾಗಿಲಿಗೆ ಹೋಗಬೇಕಾಗುತ್ತದೆಂಬ ಅಳುಕು ಸುಳ್ಳಾಗಿರಲಿಲ್ಲ, ಏಕೆಂದರೆ ಬಿಟಿ ಹತ್ತಿಯಂಥ ಹೈಬ್ರಿಡ್ ಬೀಜಕ್ಕೆ ಆ ಕೆಲಸ ಮಾಡಲು ಟರ್ಮಿನೇಟರ್ ಬೇಕಿಲ್ಲ. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕ ತಗ್ಗಿ, ಔಷಧಿ ಹೊಡೆಯುವ ಖರ್ಚು ಇಳಿದು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಪಾಲನ್ನು ಅದು ಆವರಿಸಿತು. ಆಮೇಲೆ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಜೀನಿಗೆ ಒಗ್ಗಿಕೊಂಡಿತು, ಎರಡು ಜೀನಿನ ಎರಡನೇ ತಲೆಮಾರಿನ ಬೀಜಕ್ಕೂ ಒಗ್ಗಿಕೊಂಡಿತು. ಹೊಲದ ಅಂಚಿನಲ್ಲಿ ಬಿಟಿ ಇಲ್ಲದ ಸಾಲು ಹಾಕಿ, ಹುಳುವಿನ ನಿರೋಧ ನಿಧಾನಿಸಬೇಕೆಂಬ ನಿಯಮ ಕಾಗದದಲ್ಲಿತ್ತು. ಎರಡೆಕರೆಯವನು ಹುಳುವಿಗೆಂದು ಸಾಲು ಬಿಡುತ್ತಾನೆಂದು ನಿರೀಕ್ಷಿಸಿದವರಿಗೆ ಹೊಲದ ಪರಿಚಯ ಕಡಿಮೆ ಇದ್ದಿರಬೇಕು.

ಬದನೆಯ ಸರದಿ

ಉಡುಪಿಯ ಕಟಪಾಡಿ ಬಳಿಯ ಮಟ್ಟು ಗ್ರಾಮದಲ್ಲಿ ಬೆಳೆಯುವ ದುಂಡನೆಯ, ತೆಳುಸಿಪ್ಪೆಯ ತಿಳಿಹಸಿರು ಬದನೆಯಾದ ಗುಳ್ಳ, ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಪ್ರತೀತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಕುಲಾಂತರಿ ಆಹಾರದ ಇಡೀ ಚರ್ಚೆ ಬದನೆ ಎಂಬ ಒಂದು ಕಾಯಿಯ ಸುತ್ತ ಹೆಣೆದುಕೊಂಡ ಕಾಲವೊಂದಿತ್ತು. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು ಒಳಗೆ ಹೊಕ್ಕಿತೆಂದರೆ ಸಿಂಪಡಿಸಿದ ಔಷಧಿ ಅದಕ್ಕೆ ತಗಲುವುದಿಲ್ಲ. ಹೀಗಾಗಿ ಬೆಳೆಗಾರರು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಮಹಿಕೊ ಕಂಪನಿ ಬಿಟಿ ಜೀನ್ ಸೇರಿಸಿದ ಬದನೆ ಮಾಡಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ವಿಶ್ವವಿದ್ಯಾಲಯವೂ ಆ ಜೀನನ್ನು ಸ್ಥಳೀಯ ತಳಿಗಳಿಗೆ ದಾಟಿಸುವ ಕೆಲಸ ಹಿಡಿದವು. ಧಾರವಾಡ ಆರಿಸಿಕೊಂಡ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಇವು ಹೈಬ್ರಿಡ್‌ಗಳಲ್ಲ, ರೈತರು ಬೀಜ ಎತ್ತಿಟ್ಟುಕೊಳ್ಳಬಹುದಾದ ತಳಿಗಳು ಎಂಬುದು ಪರವಾದ ಮಾತು. ಆದರೆ ಜೈವಿಕ ವೈವಿಧ್ಯ ಕಾಯ್ದೆ ಕೇಳುವ ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಲಾಗಿದೆ ಎಂಬ ದೂರು 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಹೋಯಿತು. ಚರ್ಚೆ ಹೊಟ್ಟೆಯಿಂದ ಹಕ್ಕಿನ ಕಡೆಗೆ ಹೊರಳಿತು.

2009ರ ಅಕ್ಟೋಬರ್ 14ರಂದು ಕೇಂದ್ರದ ಪರಿಶೀಲನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್, ತೀರ್ಮಾನಕ್ಕೆ ಮೊದಲು ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ. ಒಟ್ಟು ಸುಮಾರು 8,000 ಮಂದಿ ಸೇರಿದ್ದರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಆತುರ ಬೇಡವೆಂದು ಬರೆದಿದ್ದವು. 2010ರ ಫೆಬ್ರುವರಿ 9ರಂದು ಸಚಿವರು ಅನಿರ್ದಿಷ್ಟ ತಡೆ ಹಾಕಿದರು. ಬದನೆ ವಿಷವೆಂದು ಅವರು ಹೇಳಲಿಲ್ಲ. ಸ್ವತಂತ್ರ ಪರೀಕ್ಷೆ ಸಾಲದು, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಬದನೆಯ ತಳಿವೈವಿಧ್ಯದ ತವರಿನಲ್ಲಿ ಎಚ್ಚರ ಬೇಕು ಎಂದರು. ತಡೆ ಹಾಕಿದ್ದು ಸರಿಯೋ ತಪ್ಪೋ ಎಂಬುದಕ್ಕಿಂತ ಆಮೇಲೆ ನಡೆದದ್ದು ಬೇಸರದ್ದು: ಬೇಕೆಂದ ಸ್ವತಂತ್ರ ಪರೀಕ್ಷೆಯನ್ನು ಮುಗಿಸುವ ಅವಸರ ಯಾರಿಗೂ ಕಾಣಲಿಲ್ಲ. ಇದೇ ಬದನೆಗೆ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿ ಬೆಳೆಸಲು ಶುರುಮಾಡಿತು.

ಹೊಂಬಣ್ಣದ ಕುಲಾಂತರಿ ಅಕ್ಕಿಯ ಹಾದಿ ಇದಕ್ಕಿಂತ ದೀರ್ಘ. ಎ ಜೀವಸತ್ವದ ಕೊರತೆ ನೀಗಲೆಂದು ಇಂಗೊ ಪೊಟ್ರಿಕಸ್ ಮತ್ತು ಪೀಟರ್ ಬೇಯರ್ 2000ದಲ್ಲಿ ಪ್ರಕಟಿಸಿದ ಈ ಅಕ್ಕಿಯಲ್ಲಿ ಲಾಭಕೋರತನದ ಆರೋಪಕ್ಕೆ ಅವಕಾಶ ಕಡಿಮೆ. ಆದರೂ ಚೀನಾದ ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಪೋಷಕರಿಗೆ ಪೂರ್ತಿ ವಿಷಯ ತಿಳಿಸಿರಲಿಲ್ಲವೆಂದು ಬಯಲಾಗಿ, ಆ ಪ್ರಬಂಧವನ್ನು 2015ರಲ್ಲಿ ಹಿಂಪಡೆಯಲಾಯಿತು. ಫಿಲಿಪ್ಪೀನ್ಸ್ 2021ರಲ್ಲಿ ಕೊಟ್ಟ ಒಪ್ಪಿಗೆಯನ್ನು 2024ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತಡೆಯಿತು.

ಗೊತ್ತಿಲ್ಲದೆ ತಿನ್ನುವುದು

ಭಾರತದಲ್ಲಿ ಕುಲಾಂತರಿ ಆಹಾರ ಇಲ್ಲ ಎಂಬ ಮಾತು ಅರ್ಧ ನಿಜ. ಬಿಟಿ ಹತ್ತಿಯ ಬೀಜ ಗಾಣಕ್ಕೆ ಹೋಗುತ್ತದೆ, ಎಣ್ಣೆ ಅಡುಗೆಗೂ ಕುರುಕಲು ತಿಂಡಿಗೂ ಬರುತ್ತದೆ, ಹಿಂಡಿ ಎಮ್ಮೆ ದನಗಳ ಬಾನಿಗೆ ಬೀಳುತ್ತದೆ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಹಡಗಿನಲ್ಲಿ ಬರುವ ಸೋಯಾ ಎಣ್ಣೆಯ ಮೂಲವೂ ಕುಲಾಂತರಿ ಸೋಯಾವೇ. ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಡಿಎನ್‌ಎ, ಪ್ರೋಟೀನು ಹೆಚ್ಚುಕಡಿಮೆ ಇರುವುದಿಲ್ಲವಾದ್ದರಿಂದ ಆರೋಗ್ಯದ ಪ್ರಶ್ನೆ ಇಲ್ಲಿ ಚಿಕ್ಕದು. ಕೊಳ್ಳುವವರಿಗೆ ತಿಳಿಯುವ ಹಕ್ಕಿನ ಪ್ರಶ್ನೆ ಚಿಕ್ಕದಲ್ಲ. 2013ರ ಜನವರಿಯಿಂದ ಪೊಟ್ಟಣದ ಮೇಲೆ ‘ಜಿಎಂ’ ಎಂದು ಬರೆಯಬೇಕೆಂಬ ನಿಯಮ ಬಂತು, ಅಂಗಡಿಯಲ್ಲಿ ಆ ಎರಡಕ್ಷರ ಕಂಡವರು ವಿರಳ. ಯುರೋಪಿನಲ್ಲಿ ಶೇ. 0.9 ದಾಟಿದರೆ ಲೇಬಲ್ ಕಡ್ಡಾಯ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಿಂದ ಆಮದಾಗುವ 24 ಬಗೆಯ ಬೆಳೆಗಳಿಗೆ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರ ಕೇಳುತ್ತಿದೆ. ಅದೇ ವರ್ಷ ಕೋಳಿ ಆಹಾರದ ಬೆಲೆ ಏರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಿಕೊಳ್ಳಲು ಸರ್ಕಾರವೇ ಒಪ್ಪಿತು.

ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ತಂಡದ ಕುಲಾಂತರಿ ಸಾಸಿವೆ ಡಿಎಂಎಚ್-11ಕ್ಕೆ 2022ರ ಅಕ್ಟೋಬರ್‌ನಲ್ಲಿ ಪರಿಸರ ಒಪ್ಪಿಗೆ ಸಿಕ್ಕಿತು. ಇದು ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪು ಎರಡಾಯಿತು. ನ್ಯಾ. ಬಿ. ವಿ. ನಾಗರತ್ನ ಒಪ್ಪಿಗೆಯ ಕ್ರಮವೇ ಸರಿಯಿಲ್ಲವೆಂದರು, ನ್ಯಾ. ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ರಾಷ್ಟ್ರೀಯ ನೀತಿಯೊಂದು ಬೇಕೆಂಬ ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾದರು.

ಅಷ್ಟರಲ್ಲಿ ತಂತ್ರಜ್ಞಾನವೇ ಪಕ್ಕಕ್ಕೆ ಹೊರಳಿದೆ. ಹೊರಗಿನ ಜೀನ್ ಸೇರಿಸದೆ ಗಿಡದ್ದೇ ಜೀನನ್ನು ಕತ್ತರಿಸಿ ತಿದ್ದುವ ‘ಜೀನ್ ಎಡಿಟಿಂಗ್’ನ ಕೆಲವು ಬಗೆಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ‘ಕಮಲಾ’ ಎಂಬುದು ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿಯ ತಿದ್ದಿದ ರೂಪ. ತೆನೆಗೆ ಹೆಚ್ಚು ಕಾಳು, ಕೊಯ್ಲಿಗೆ ಸುಮಾರು 20 ದಿನ ಮೊದಲು. ಈ ಅಕ್ಕಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಹೊರಗಿನ ಜೀನ್ ಹುಡುಕಿಸಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಅಂಥದ್ದೇನೂ ಉಳಿದಿಲ್ಲ.